ವರದಿಯಲ್ಲಿ ‘2.2’ ಬಂದರೆ ಹಾಕಿಸಿದ ಲಸಿಕೆ ದಂಡವೇ? ಹಂದಿ ಜ್ವರದ ವೈರಸ್ ಬಗ್ಗೆ ಗೊತ್ತಿರುವವರು ಹೇಳಿ

ಕಾಳಿ ಸೇತುವೆ (ಕಾರವಾರ)
ಕಾರವಾರ, ಜೋಯಿಡಾ, ಹಳಿಯಾಳ ಕಡೆ ಹಂದಿ ಸಾಕುವವರ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಲ್ಯಾಬ್ ವರದಿಯ ಫೋಟೊ ಸುತ್ತುತ್ತಾ ಇದೆ. ಊರು, ಹೆಸರು ಅಳಿಸಿದ್ದಾರೆ. ಉಳಿದಿರೋದು ಇಷ್ಟು: ‘ಕ್ಲಾಸಿಕಲ್ ಹಂದಿ ಜ್ವರ ಪಾಸಿಟಿವ್. ಇ2 ಜೀನ್ ಆಧಾರದಲ್ಲಿ ಉಪಗುಂಪು 2.2.’ ಅದರ ಕೆಳಗೆ ಯಾರೋ ಕೆಂಪಕ್ಷರದಲ್ಲಿ ‘ಲಸಿಕೆ 1.1, ಬಂದಿರೋ ವೈರಸ್ 2.2, ಸುಮ್ಮನೆ ದುಡ್ಡು ಹಾಳು ಮಾಡ್ಬೇಡಿ’ ಅಂತ ಸೇರಿಸಿ ಬಿಟ್ಟಿದ್ದಾರೆ. ಮಳೆ ಹಿಡಿಯೋದರೊಳಗೆ ಲಸಿಕೆ ಹಾಕಿಸ್ಬೇಕು ಅಂದ್ಕೊಂಡವರು ಈಗ ಕೈಕಟ್ಟಿ ಕೂತಿದ್ದಾರೆ.

ಈ 1.1, 2.2 ಅಂದ್ರೆ ಎಂತದು? ವೈರಸ್ ನಿಜವಾಗಿ ಬದಲಾಗಿದ್ಯಾ? ಬದಲಾದ್ರೆ ಲಸಿಕೆ ಕೆಲಸ ಮಾಡ್ತದ? ಊಹೆ ಬೇಡ, ಲೆಕ್ಕ ಸಮೇತ ಬರೀರಿ.

ಘಟ್ಟದ ಗಾಳಿ
ವೈರಸ್ ಬದಲಾದ್ರೆ ಲಸಿಕೆನೂ ಬದಲಾಗ್ಬೇಕು. ಕೊರೋನಾದಲ್ಲಿ ನೋಡ್ಲಿಲ್ವಾ? ಇದಕ್ಕೆಂತ ಲೆಕ್ಕ.

ಬಿಳಿ ಕೋಟು
ಕೊರೋನಾನ ಇಲ್ಲಿಗೆ ಎಳೀಬೇಡಿ ಮಾರಾಯ್ರೆ. ಆ ಕೆಂಪಕ್ಷರದ ಸಾಲು ಪೂರ್ತಿ ತಪ್ಪು.

ಕಾಲುಬಾಯಿ ರೋಗ ಎಲ್ಲರಿಗೂ ಗೊತ್ತು. ಅದರಲ್ಲಿ ಒಟ್ಟು 7 ಸೀರೋಟೈಪ್, ಅಂದ್ರೆ ಒಂದರ ಆ್ಯಂಟಿಬಾಡಿ ಇನ್ನೊಂದನ್ನು ಹಿಡಿಯದ ಬಗೆಗಳು, ನಮ್ಮ ದೇಶದ ಲಸಿಕೆಯಲ್ಲಿ ಒ, ಎ, ಏಷಿಯಾ-1 ಅಂತ ಮೂರನ್ನು ಸೇರಿಸಿ ಕೊಡ್ತಾರೆ. ಒ ಹಾಕಿಸಿದ ದನಕ್ಕೆ ಎ ಬಂದ್ರೆ ರಕ್ಷಣೆ ಇಲ್ಲ. ಹಂದಿಯ ಕ್ಲಾಸಿಕಲ್ ಜ್ವರದಲ್ಲಿ ಹಾಗಲ್ಲ. ಅದಕ್ಕಿರೋದು ಒಂದೇ ಸೀರೋಟೈಪ್. ಜೀನೋಟೈಪ್ 1, 2, 3 ಅಂತ ಮೂರು, ಅವುಗಳೊಳಗೆ 1.1, 2.1, 2.2, 2.3, 3.4 ಹೀಗೆ ಉಪಗುಂಪು. ಇವೆಲ್ಲ ಜೀನಿನ ಅಕ್ಷರ ಹೋಲಿಸಿ ನಾವು ಬರೆದುಕೊಂಡ ವಂಶಾವಳಿ. ಹಂದಿಯ ರೋಗನಿರೋಧಕ ಶಕ್ತಿ ಈ ವಂಶಾವಳಿ ಓದೋದಿಲ್ಲ. ಮೊಲಕ್ಕೆ ಒಗ್ಗಿಸಿ ಬಲ ತೆಗೆದ ಚೈನಾ ಸ್ಟ್ರೇನ್ 1.1 ಗುಂಪಿನದ್ದು. ಅದು ಮೂರೂ ಜೀನೋಟೈಪಿನ ವೈರಸ್‌ಗಳಿಂದ ಕಾಪಾಡ್ತದೆ, ದಶಕಗಳ ಪ್ರಯೋಗದಲ್ಲಿ ನೋಡಿದ್ದಾರೆ. ಸರಿಯಾದ ಡೋಸ್ ಒಳಗೆ ಹೋದ್ರೆ ಮೂರರಿಂದ ಐದು ದಿನಕ್ಕೇ ರಕ್ಷಣೆ ಶುರು.

ಹಳಿಯಾಳ ಪ್ಯಾಟಿ
ಡಾಕ್ಟ್ರ, ಕಾಗದದಾಗ ಎಲ್ಲಾ ಚಂದ ಐತ್ರಿ. ಹಂಗಾರ ಲಸಿಕಿ ಹಾಕಿದ ಹಂದಿ ಯಾಕ ಸಾಯ್ತಾವು? ಸತ್ತಾಗೆಲ್ಲ ವರದಿ ತಗದ್ರ 2.2 ಅಂತ ಬರತೈತಿ. ಇದು ಸಾಕ್ಷಿ ಅಲ್ಲೇನು?

ಜೆಲ್ ಓದುಗ (ಶಿರಸಿ)
ಅಲ್ಲ. ಲಸಿಕೆ ಹಾಕದ ಹಂದಿ ಸತ್ತಾಗ ವರದಿ ತೆಗೆಸಿ ನೋಡಿ, ಅಲ್ಲೂ 2.2 ಬರ್ತದೆ. ಭಾರತದಲ್ಲಿ ಮೊದಲು 1.1 ಜಾಸ್ತಿ ಸಿಗ್ತಿತ್ತು. ಈಚೆಗೆ 2.2 ಮೇಲೆ ಬಂದಿದೆ, ಈಶಾನ್ಯದ ಕಡೆ 2.1 ಕೂಡ ಸಿಕ್ಕಿದೆ. ಓಡಾಡ್ತಾ ಇರೋ ವೈರಸ್ಸೇ 2.2 ಆದ್ಮೇಲೆ ಯಾವ ಹಂದಿಗೆ ಬಂದ್ರೂ 2.2 ತಾನೆ? ಸಂತೆಗೆ ಬಂದವರೆಲ್ಲ ಚಪ್ಪಲಿ ಹಾಕಿದ್ರು, ಹಾಗಾಗಿ ಜೇಬುಗಳ್ಳನೂ ಚಪ್ಪಲಿ ಹಾಕಿದವನೇ ಅಂದ ಹಾಗಾಯ್ತು.

ಲಸಿಕೆ ಮೇಲೆ ತಪ್ಪು ಹೊರಿಸ್ಬೇಕಾದ್ರೆ ಲಸಿಕೆ ಸರಿಯಾಗಿ ಹಿಡಿದ ಹಂದಿಗೆ, ಅಂದ್ರೆ ರಕ್ತದಲ್ಲಿ ಆ್ಯಂಟಿಬಾಡಿ ಮೊದಲೇ ಅಳೆದು ಇಟ್ಟ ಹಂದಿಗೆ, ಆಮೇಲೆ ರೋಗ ಬಂದಿದ್ದು ತೋರಿಸ್ಬೇಕು. ಅಂಥ ಒಂದು ವರದಿಯೂ ಆ ಫೋಟೊ ಜೊತೆ ಇಲ್ಲ.

ಕಾಳಿ ಸೇತುವೆ
ಇ2 ಅಂದ್ರೆ ಎಂತ? ಮತ್ತೆ ಒಂದು ಜೀನ್ ನೋಡಿ ಇಡೀ ವೈರಸ್ಸಿನ ಜಾತಕ ಹೇಳೋದು ಹೇಗೆ?

ಜೆಲ್ ಓದುಗ
ವೈರಸ್ಸಿನ ಒಡಲಲ್ಲಿ ಇರೋದು ಒಂದೇ ಎಳೆಯ ಆರ್‌ಎನ್‌ಎ, ಸುಮಾರು 12,300 ಅಕ್ಷರ. ಅದರಿಂದ ಒಂದೇ ಉದ್ದದ ಪ್ರೋಟೀನ್ ಬಂದು, ಆಮೇಲೆ 12 ತುಂಡಾಗ್ತದೆ. ಇ2 ಅದರಲ್ಲಿ ಒಂದು, ವೈರಸ್ಸಿನ ಮೇಲ್ಮೈಯಲ್ಲಿ ಇರುವಂಥದ್ದು. ಹಂದಿಯ ಆ್ಯಂಟಿಬಾಡಿ ಮುಖ್ಯವಾಗಿ ಹಿಡಿಯೋದು ಇದನ್ನೇ. ಹಾಗಾಗಿ ಬದಲಾವಣೆಯೂ ಇಲ್ಲಿ ಸ್ವಲ್ಪ ಜಾಸ್ತಿ.

ವಂಶ ನೋಡ್ಲಿಕ್ಕೆ ಮೂರು ತುಂಡು ಬಳಕೆಯಲ್ಲಿದೆ. ಜೀನೋಮಿನ ತಲೆ ಭಾಗದ 5′ ತುದಿಯ 150 ಅಕ್ಷರ, ಇ2 ಒಳಗಿನ 190 ಅಕ್ಷರ, ಬಾಲದ ಕಡೆಯ ಎನ್‌ಎಸ್5ಬಿಯ 409 ಅಕ್ಷರ. ತಲೆಯ 150 ಅಕ್ಷರ ತುಂಬಾ ಗಟ್ಟಿ, ಎಲ್ಲ ತಳಿಯಲ್ಲೂ ಹೆಚ್ಚುಕಡಿಮೆ ಒಂದೇ. ಪಿಸಿಆರ್ ಪರೀಕ್ಷೆಯ ಪ್ರೈಮರ್ (ವೈರಸ್ಸಿನ ಜೀನಿಗೆ ಅಂಟಿಕೊಳ್ಳೋ ಸಣ್ಣ ತುಂಡು) ಕೂರಿಸೋಕೆ ಅದು ಒಳ್ಳೇದು, ಯಾವ ಊರಿನಿಂದ ಬಂತು ಅಂತ ಹುಡುಕೋಕೆ ಪ್ರಯೋಜನ ಇಲ್ಲ. 190 ಅಕ್ಷರದಲ್ಲಿ ಉಪಗುಂಪು ತಿಳೀತದೆ. ಎರಡು ಶೆಡ್ಡಿನ ವೈರಸ್ ಒಂದೇ ಮೂಲದ್ದಾ ಅಂತ ಹೇಳ್ಬೇಕಾದ್ರೆ ಇ2 ಪೂರ್ತಿ 1,119 ಅಕ್ಷರ ಓದಿಸ್ಬೇಕು. 190 ಅಕ್ಷರದಲ್ಲಿ ಎರಡು ಮಾದರಿ ಅಚ್ಚು ಒಂದೇ ಬಂತು ಅಂತ ‘ಪಕ್ಕದವನ ಶೆಡ್ಡಿಂದಲೇ ಬಂತು’ ಅಂತ ಜಗಳಕ್ಕೆ ಹೋದ್ರೆ ಕೇಸು ನಿಲ್ಲೋದಿಲ್ಲ.

ಇನ್ನು ಬದಲಾಗೋದು ಯಾಕೆ ಅಂದ್ರೆ, ಆರ್‌ಎನ್‌ಎ ನಕಲು ಮಾಡೋ ಕಿಣ್ವಕ್ಕೆ ತಪ್ಪು ತಿದ್ದೋ ಬುದ್ಧಿ ಇಲ್ಲ. ಹತ್ತು ಸಾವಿರದಿಂದ ಲಕ್ಷ ಅಕ್ಷರಕ್ಕೆ ಒಂದು ತಪ್ಪು ಅಂತ ಇಟ್ಕೊಳ್ಳಿ. 12,300 ಅಕ್ಷರದ ಪ್ರತಿಗೆ ಅದು ಹೆಚ್ಚೆಂದರೆ ಒಂದು ತಪ್ಪು, ಇಲ್ಲವಾದ್ರೆ ಏಳೆಂಟು ಪ್ರತಿಗೊಂದು. ಒಂದೇ ಹಂದಿಯ ಒಳಗೂ ವೈರಸ್ ಒಂದೇ ಥರ ಇರೋದಿಲ್ಲ, ಒಂದು ಹಿಂಡು ಇರ್ತದೆ. ಆದ್ರೆ ಹೆಚ್ಚಿನ ತಪ್ಪುಗಳು ವೈರಸ್‌ಗೇ ಮಾರಕ, ಇಲ್ಲವೇ ಏನೂ ಪರಿಣಾಮ ಇಲ್ಲದವು.

ಘಟ್ಟದ ಗಾಳಿ
ಹಾಗಾದ್ರೆ ಬದಲಾಗ್ತದೆ ಅಂತ ನೀವೇ ಒಪ್ಪಿದ್ರಲ್ಲ 😀

ಬಿಳಿ ಕೋಟು
ಬದಲಾಗೋದಿಲ್ಲ ಅಂದವರು ಯಾರು? ಲಸಿಕೆಯಿಂದ ತಪ್ಪಿಸಿಕೊಳ್ಳೋಷ್ಟು ಬದಲಾಗಿಲ್ಲ ಅಂದಿದ್ದು. ಎರಡೂ ಬೇರೆ.

ಜೆಲ್ ಓದುಗ
ಇಲ್ಲಿ ಒಂದು ತಿದ್ದುಪಡಿ ಡಾಕ್ಟ್ರೇ. ‘ಮೂರೂ ಜೀನೋಟೈಪಿನಿಂದ ಕಾಪಾಡ್ತದೆ’ ಅನ್ನೋದು ನಿಜ, ಆದ್ರೆ ‘ಸಮಸಮ’ ಅಲ್ಲ. 1.1 ಲಸಿಕೆ ಹಾಕಿದ ಹಂದಿಯ ಸೀರಮ್ಮನ್ನು (ರಕ್ತದ ತಿಳಿ) ಪ್ರಯೋಗಾಲಯದಲ್ಲಿ 2ನೇ ಗುಂಪಿನ ವೈರಸ್ ಎದುರು ಇಟ್ರೆ, ಅದನ್ನು ತಟಸ್ಥ ಮಾಡೋ ಶಕ್ತಿ ಸ್ವಲ್ಪ ಕಮ್ಮಿ ಬರ್ತದೆ. ಚೀನಾದಲ್ಲಿ ಲಸಿಕೆ ಹಾಕಿದ ಫಾರ್ಮುಗಳಲ್ಲೇ 2.1ರ ಹೊಸ ಕವಲು ಕಾಣಿಸಿಕೊಂಡಿತ್ತು. ಪೂರ್ಣ ಡೋಸ್ ಹಾಕಿ ಪರೀಕ್ಷೆ ಮಾಡಿದಾಗ ಹಂದಿಗಳು ಉಳಿದವು, ಆ ಮಾತು ಬೇರೆ.

ಅಂದ್ರೆ ಡೋಸ್ ಗಟ್ಟಿ ಇದ್ರೆ ಈ ಕೊರತೆ ಲೆಕ್ಕಕ್ಕೇ ಬರೋದಿಲ್ಲ. ಡೋಸ್ ಬಿಸಿಲಲ್ಲಿ ಅರ್ಧ ಸತ್ತಿದ್ರೆ ಆಗ ಈ ಸಣ್ಣ ವ್ಯತ್ಯಾಸವೇ ಮುಳುವಾಗ್ತದೆ.

ಬಿಳಿ ಕೋಟು
ಒಪ್ಪಿದೆ. ಬಲ ತೆಗೆದ ಜೀವಂತ ಲಸಿಕೆಗೆ ಅಂತರರಾಷ್ಟ್ರೀಯ ಮಾನದಂಡ ಡೋಸಿಗೆ ಕನಿಷ್ಠ 100 ಪಿಡಿ50. ಒಂದು ಪಿಡಿ50 ಅಂದ್ರೆ ಅರ್ಧಕ್ಕರ್ಧ ಹಂದಿಗಳನ್ನು ಉಳಿಸುವಷ್ಟು ಪ್ರಮಾಣ, ಅದರ ನೂರು ಪಟ್ಟು ತುಂಬಿರ್ಬೇಕು. ಇಷ್ಟು ದೊಡ್ಡ ಅಂಚು ಇದ್ರೆ ಇಂಥ ವ್ಯತ್ಯಾಸ ನುಂಗಿಕೊಳ್ತದೆ. ಈ ಅಂಚನ್ನು ನಾವು ಕರಾವಳಿಯಲ್ಲಿ ಹೇಗೆ ಹಾಳು ಮಾಡ್ತೇವೆ ಅಂತ ಬರೀತೇನೆ, ಹಳಿಯಾಳದವರ ಪ್ರಶ್ನೆಗೆ ಉತ್ತರವೂ ಅದೇ.

ಬಾಟಲಿಯಲ್ಲಿರೋದು ಒಣಪುಡಿ, ಅದಕ್ಕೆ ದ್ರಾವಣ ಬೆರೆಸ್ಬೇಕು. ಪುಡಿಯನ್ನು ಐಸಿನಲ್ಲಿ ತರ್ತಾರೆ, ದ್ರಾವಣದ ಬಾಟಲಿ ಬೈಕಿನ ಡಿಕ್ಕಿಯಲ್ಲಿ. ಮೇ ತಿಂಗಳಲ್ಲಿ ಆ ಡಿಕ್ಕಿ ಒಳಗೆ ಕೈ ಇಟ್ಟು ನೋಡಿ. ಬಿಸಿ ದ್ರಾವಣ ಬಿದ್ದ ಕ್ಷಣಕ್ಕೇ ವೈರಸ್ ಸಾಯೋಕೆ ಶುರು. ದ್ರಾವಣವೂ ಹಿಂದಿನ ರಾತ್ರಿಯಿಂದ ಫ್ರಿಜ್ಜಿನಲ್ಲೇ ಇರ್ಬೇಕು. ಬೆರೆಸಿದ ಮೇಲೆ ಬಾಟಲಿ ಐಸಿನಲ್ಲೇ ಇಟ್ಕೊಂಡು ಎರಡು ಗಂಟೆ ಒಳಗೆ ಮುಗಿಸಿ. ಉಳಿದಿದ್ದನ್ನು ನಾಳೆಗೆ ಇಡೋದು ನೀರು ಚುಚ್ಚಿದ ಹಾಗೆ.

ಸಿರಿಂಜನ್ನು ಡೆಟಾಲ್, ಸ್ಪಿರಿಟ್ ಹಾಕಿ ತೊಳೆಯೋದು ಇನ್ನೊಂದು ಅಭ್ಯಾಸ. ಜೀವಂತ ಲಸಿಕೆಗೆ ಅದು ವಿಷ. ನೀರಲ್ಲಿ ಕುದಿಸಿ ಆರಿಸಿ, ಇಲ್ಲ ಬಿಸಾಡೋ ಸಿರಿಂಜ್ ತಗೊಳ್ಳಿ. ಸೂಜಿ ಒಂದು ತಾಯಿಯ ಮರಿಗಳಿಗೆ ಒಂದು, ಮುಂದಿನ ಗೂಡಿಗೆ ಬೇರೆ. ಒಂದೇ ಸೂಜಿಯಲ್ಲಿ ಐವತ್ತು ಹಂದಿಗೆ ಚುಚ್ಚಿದ್ರೆ ಅದರಲ್ಲೊಂದಕ್ಕೆ ಜ್ವರ ಒಳಗೇ ಇದ್ದರೆ ಉಳಿದ ನಲವತ್ತೊಂಬತ್ತಕ್ಕೆ ನೀವೇ ಹಂಚಿದ ಹಾಗಾಯ್ತು. ‘ಲಸಿಕೆ ಹಾಕಿದ್ಮೇಲೇ ಸತ್ತವು’ ಅನ್ನೋ ದೂರಿನ ಹಿಂದೆ ಎಷ್ಟೋ ಸಲ ಇದೇ ಇರ್ತದೆ.

ಹಳಿಯಾಳ ಪ್ಯಾಟಿ
ಇದು ಖರೇ ಐತ್ರಿ. ಕರೆಂಟಿನ ಮಾತೂ ಸೇರಸ್ರಿ. ಮಳಿಗಾಲದಾಗ ಜೋಯಿಡಾ ಕಡೆ ಕರೆಂಟ್ ಹೋದ್ರ ಬರೂದು ಯಾವಾಗಂತ ದೇವ್ರಿಗೇ ಗೊತ್ತು. ಸಾದಾ ಫ್ರಿಜ್‌ನ್ಯಾಗ ಇಟ್ಟ ಲಸಿಕಿ ಅಂದ್ರ ಲೆಕ್ಕಕ್ಕಿಲ್ಲ.

ಬಿಳಿ ಕೋಟು
ಸುತ್ತ ಐಸ್ ಗೋಡೆ ಇರೋ ಐಎಲ್‌ಆರ್ ಪೆಟ್ಟಿಗೆ ಇರುವ ಆಸ್ಪತ್ರೆಯಿಂದ ಅದೇ ಬೆಳಿಗ್ಗೆ ತರ್ಬೇಕು. ಮನೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ದಾಸ್ತಾನು ಬೇಡ.

ಎರಡನೇ ಕಾರಣ ಮರಿಯ ವಯಸ್ಸು. ಲಸಿಕೆ ಆದ ತಾಯಿಯ ಗಿಣ್ಣದ ಹಾಲಿನಲ್ಲಿ ಆ್ಯಂಟಿಬಾಡಿ ಬರ್ತದೆ. ಅದು ಮರಿಯನ್ನೂ ಕಾಯ್ತದೆ, ಲಸಿಕೆಯ ವೈರಸ್ಸನ್ನೂ ಕೊಲ್ತದೆ. ಅದರ ಮಟ್ಟ 1:32ಕ್ಕಿಂತ (ಅಂದ್ರೆ ಸೀರಮ್ಮನ್ನು 32 ಪಟ್ಟು ತೆಳು ಮಾಡಿದ್ರೂ ವೈರಸ್ ತಡೆಯುವಷ್ಟು) ಮೇಲಿದ್ದಾಗ ಚುಚ್ಚಿದ್ರೆ ಲಸಿಕೆ ಹಿಡಿಯೋದು ಅನುಮಾನ. ಸುಮಾರು 11 ದಿನಕ್ಕೆ ಅದು ಅರ್ಧಕ್ಕಿಳೀತದೆ ಅಂತ ಹಿಡೀರಿ. ಹುಟ್ಟಿದಾಗ 1:256 ಇದ್ದ ಮರಿ 33ನೇ ದಿನಕ್ಕೆ 1:32, 44ನೇ ದಿನಕ್ಕೆ 1:16. ಅದಕ್ಕೇ 45ರಿಂದ 60 ದಿನದೊಳಗೆ ಹಾಕಿ ಅನ್ನೋದು. ಮರಿ ಮಾರೋ ಗಡಿಬಿಡಿಯಲ್ಲಿ 25ನೇ ದಿನಕ್ಕೆ ಹಾಕಿಸಿ ‘ಲಸಿಕೆ ಆಗಿದೆ’ ಅಂತ ಚೀಟಿ ಕೊಡ್ತಾರೆ. ಆ ಚೀಟಿಗೆ ಬೆಲೆ ಇಲ್ಲ. ಲಸಿಕೆಯೇ ಆಗದ ತಾಯಿಯ ಮರಿಗೆ ಈ ತಡೆ ಇಲ್ಲ, ಬೇಗ ಹಾಕ್ಬಹುದು, ಆದ್ರೆ ಅದು ಯಾವ ತಾಯಿ ಅಂತ ದಾಖಲೆ ಬೇಕಲ್ಲ.

ಅಣಶಿ ತಿರುವು
ಮೂರನೇ ಕಾರಣ ಯಾರೂ ಹೇಳಲಿಲ್ಲ. ಗಬ್ಬದ ಹಂದಿಗೆ 50ರಿಂದ 70ನೇ ದಿನದ ಸುಮಾರಿಗೆ ಸೋಂಕು ತಗುಲಿದ್ರೆ ಹೊಟ್ಟೆಯ ಮರಿಯ ದೇಹ ಆ ವೈರಸ್ಸನ್ನು ತನ್ನದೇ ಅಂತ ಒಪ್ಪಿಕೊಂಡುಬಿಡ್ತದೆ. ಮರಿ ಚೆನ್ನಾಗೇ ಹುಟ್ಟಬಹುದು. ಆ್ಯಂಟಿಬಾಡಿ ಮಾಡೋದಿಲ್ಲ, ತಿಂಗಳುಗಟ್ಟಲೆ ಮೂಗು, ಬಾಯಿ, ಸಗಣಿಯಲ್ಲಿ ವೈರಸ್ ಬಿಡ್ತಾ ಇರ್ತದೆ. ಬೆಳವಣಿಗೆ ಕುಂಠಿತ, ಆಮೇಲೆ ಒಂದಿನ ಸಾಯ್ತದೆ. ಅಂಥ ಮರಿಗೆ ಹತ್ತು ಲಸಿಕೆ ಹಾಕಿದ್ರೂ ವ್ಯರ್ಥ. ಹಿಂಡಿನಲ್ಲಿ ಒಂದೇ ಸೂಲಿನ ಮರಿಗಳು ಪೀಚಲಾಗಿ, ಉಳಿದವು ಸರಿ ಇದ್ರೆ ಮೊದಲು ಆ ಸೂಲಿನ ಎಲ್ಲ ಮರಿಗಳ ರಕ್ತ ಪಿಸಿಆರ್ ಮಾಡಿಸಿ. ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದ್ರೆ ನೆಗೆಟಿವ್ ಬಂದು ‘ರೋಗ ಇಲ್ಲ’ ಅಂತ ಮೋಸ ಹೋಗ್ತೀರಿ.

2ನೇ ಗುಂಪಿನ ವೈರಸ್ಸಿನ ನಿಜವಾದ ತಲೆನೋವು ಇದೇ. ಅದರಲ್ಲಿ ಎಷ್ಟೋ ತಳಿ ಮಧ್ಯಮ ತೀವ್ರತೆಯವು. ಎರಡೇ ದಿನಕ್ಕೆ ಹಿಂಡು ಮಲಗೋದಿಲ್ಲ. ಸ್ವಲ್ಪ ಜ್ವರ, ಸ್ವಲ್ಪ ಭೇದಿ, ಗಬ್ಬ ಹೋಗೋದು. ಯಾರೂ ಹಂದಿ ಜ್ವರ ಅಂತ ಯೋಚನೆ ಮಾಡೋದರೊಳಗೆ ಮರಿಗಳು ಎರಡು ಸಂತೆ ದಾಟಿರ್ತವೆ.

ತೋಟದ ಬದಿ (ಶಿರಸಿ)
ತಲೆಬರಹದಲ್ಲಿ ‘ಹಂದಿ ಜ್ವರ’ ಹೇಳಿ ನೋಡಿ ಹೆದರಿ ಬಂದೆ. ಇದು ಮನುಷ್ಯರಿಗೆ ಬರ್ತದಾ? ಪೇಪರಿನಲ್ಲಿ ಹಂದಿಜ್ವರಕ್ಕೆ ಜನ ಸತ್ತ ಸುದ್ದಿ ಬಂದಿತ್ತಲ್ಲ.

ಬಿಳಿ ಕೋಟು
ಅದು ಎಚ್1ಎನ್1 ಫ್ಲೂ, 2009ರದ್ದು. ಪತ್ರಿಕೆಯವರು ಅದಕ್ಕೆ ‘ಹಂದಿಜ್ವರ’ ಅಂತ ಹೆಸರಿಟ್ಟು ಇವತ್ತಿಗೂ ಈ ಗೋಳು. ಇಲ್ಲಿ ಮಾತಾಡ್ತಿರೋದು ಕ್ಲಾಸಿಕಲ್ ಹಂದಿ ಜ್ವರ. ಅದೂ, ಆಫ್ರಿಕನ್ ಹಂದಿ ಜ್ವರವೂ, ಮನುಷ್ಯರಿಗೆ ಬರೋದಿಲ್ಲ. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ, ಮೂರು ಬೇರೆ ಬೇರೆ ಕುಟುಂಬದ ವೈರಸ್.

ಜೆಲ್ ಓದುಗ
ಸಂಬಂಧ ಹುಡುಕೋದಾದ್ರೆ ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯ ಮಂಗನ ಕಾಯಿಲೆಗೆ ಹುಡುಕಿ. ಕ್ಯಾಸನೂರು ಕಾಡಿನ ವೈರಸ್ಸೂ, ಕ್ಲಾಸಿಕಲ್ ಹಂದಿ ಜ್ವರದ ವೈರಸ್ಸೂ ಒಂದೇ ಫ್ಲಾವಿವಿರಿಡೇ ಕುಟುಂಬ, ಬೇರೆ ಕುಲ. ದಾಯಾದಿಗಳು. ಅದು ಉಣುಗಿನಿಂದ ಹರಡ್ತದೆ, ಇದಕ್ಕೆ ಉಣುಗು ಬೇಕಾಗಿಲ್ಲ.

ತೋಟದ ಬದಿ
ಆಫ್ರಿಕನ್ ಜ್ವರ ಉಣುಗಿನಿಂದ ಬರ್ತದೆ ಹೇಳಿ ಓದಿದ್ದೆ. ಹಾಗಾದ್ರೆ ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳೋ ಎಣ್ಣೆ ಹಂದಿಗೂ ಹಚ್ಚೋದಾ 😄

ಅಣಶಿ ತಿರುವು
ಆ ಉಣುಗು ಬೇರೆ ಮಾರಾಯ. ಮಂಗನ ಕಾಯಿಲೆಯದ್ದು ಹಿಮಾಫೈಸಾಲಿಸ್, ಗಟ್ಟಿ ಬೆನ್ನಿನದ್ದು. ಆಫ್ರಿಕಾದಲ್ಲಿ ಹಂದಿ ಜ್ವರ ಸಾಗಿಸೋದು ಆರ್ನಿತೊಡೋರಸ್ ಅನ್ನೋ ಮೆತ್ತನೆ ಉಣುಗು, ಕಾಡುಹಂದಿಗಳ ಬಿಲದಲ್ಲಿ ಇರ್ತದೆ. ಏಷ್ಯಾದಲ್ಲಿ ಇದು ಹರಡಿದ್ದು ಉಣುಗಿನಿಂದ ಅಲ್ಲ, ಮನುಷ್ಯರಿಂದ. ಮಾಂಸ, ಮುಸುರೆ, ಲಾರಿ, ಚಪ್ಪಲಿ.

ಕಾಳಿ ಸೇತುವೆ
ಅಣಶಿಯವರೇ, ಅದನ್ನೇ ಕೇಳ್ಬೇಕು ಅಂತಿದ್ದೆ. ಆಫ್ರಿಕನ್ ವೈರಸ್ಸಿನಲ್ಲೂ ಈ ಗುಂಪು ಲೆಕ್ಕ ಇದ್ಯಾ?

ಅಣಶಿ ತಿರುವು
ಇದೆ, ಆದ್ರೆ ಸ್ವಭಾವ ಪೂರಾ ತದ್ವಿರುದ್ಧ. ಇದು ಡಿಎನ್‌ಎ ವೈರಸ್, ಎರಡೆಳೆ, 1,70,000ದಿಂದ 1,90,000 ಅಕ್ಷರದವರೆಗೆ. ಕ್ಲಾಸಿಕಲ್ ಹಂದಿ ಜ್ವರದ ವೈರಸ್ ಪಕ್ಕ ಇಟ್ರೆ ಹದಿನೈದು ಪಟ್ಟು ದಪ್ಪ ಪುಸ್ತಕ. ಅಕ್ಷರ ತಪ್ಪುವುದು ಬಹಳ ನಿಧಾನ. ಪಿ72 ಪ್ರೋಟೀನಿನ ಜೀನ್ ತುದಿಯ ಸುಮಾರು 478 ಅಕ್ಷರ ಓದಿ 24 ಜೀನೋಟೈಪ್ ಅಂತ ವಿಂಗಡಿಸಿದ್ರು. ಆಫ್ರಿಕಾದಿಂದ 1957ರಲ್ಲಿ ಪೋರ್ಚುಗಲ್‌ಗೆ ಹೋಗಿದ್ದು ಜೀನೋಟೈಪ್ ಒಂದು. 2007ರಲ್ಲಿ ಜಾರ್ಜಿಯಾಕ್ಕೆ ಬಂದಿದ್ದು ಎರಡು. ಅದೇ 2018ರ ಆಗಸ್ಟಿನಲ್ಲಿ ಚೀನಾ, 2020ರಲ್ಲಿ ಅಸ್ಸಾಂ, ಅರುಣಾಚಲ, 2022ರ ಜುಲೈಯಲ್ಲಿ ವಯನಾಡು. ಘಟ್ಟದ ಸಾಲು ಹಿಡಿದು ನೋಡಿದ್ರೆ ನಮಗೆ ದೂರ ಏನಲ್ಲ.

ಈಗ ತಮಾಷೆ ನೋಡಿ. ಇಡೀ ಏಷ್ಯಾದಲ್ಲಿ ‘ಜೀನೋಟೈಪ್ 2’ ಅಂತಲೇ ಬಂದ್ರೆ ಆ ವರದಿಯಿಂದ ಮೂಲ ಪತ್ತೆ ಮಾಡೋದು ಹೇಗೆ? ಆಗೋದಿಲ್ಲ. ಅದಕ್ಕೇ ಐ73ಆರ್, ಐ329ಎಲ್ ಅನ್ನೋ ಎರಡು ಜೀನ್ ನಡುವಿನ ಖಾಲಿ ಜಾಗ ನೋಡ್ತಾರೆ. ಅಲ್ಲಿ ಹತ್ತು ಅಕ್ಷರದ ಒಂದು ತುಂಡು ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸೋದು. ಅದೂ ಸಾಲದಿದ್ರೆ ಪೂರ್ತಿ ಜೀನೋಮ್.

ಜೆಲ್ ಓದುಗ
24 ಅನ್ನೋದು ಹಳೇ ಲೆಕ್ಕ. 2023ರಲ್ಲಿ ಪಿ72 ಪೂರ್ತಿ ಪ್ರೋಟೀನ್ ಹೋಲಿಸಿ 6ಕ್ಕೆ ಇಳಿಸ್ಬೇಕು ಅಂತ ಪ್ರಸ್ತಾಪ ಬಂದಿದೆ.

‘ಅಕ್ಷರ ತಪ್ಪುವುದು ನಿಧಾನ’ ಸರಿ, ಆದ್ರೆ ಈ ವೈರಸ್ ಬದಲಾಗೋದು ಅಕ್ಷರದಿಂದ ಅಲ್ಲ, ಪುಟಗಳಿಂದ. ಎರಡೂ ತುದಿಯಲ್ಲಿ ಎಂಜಿಎಫ್ ಅನ್ನೋ ಜೀನ್ ಸರಣಿಗಳಿವೆ, ಅವು ಒಟ್ಟೊಟ್ಟಿಗೆ ಬಿದ್ದುಹೋಗ್ತವೆ, ಸೇರ್ತವೆ. ಇಪಿ402ಆರ್ ಜೀನ್ ಕೆಟ್ಟ, ತೀವ್ರತೆ ಕಮ್ಮಿಯಾದ ತಳಿಗಳು ಚೀನಾದಲ್ಲಿ ಸಿಕ್ಕಿವೆ. ಅಂಥವು ಹಂದಿಯನ್ನು ಬೇಗ ಕೊಲ್ಲೋದಿಲ್ಲ, ಸಣ್ಣ ಜ್ವರ ಕೊಟ್ಟು ಹರಡ್ತವೆ. ಅದಕ್ಕಿಂತ ದೊಡ್ಡ ಸುದ್ದಿ 2023ರದ್ದು: ಜೀನೋಟೈಪ್ ಒಂದೂ ಎರಡೂ ಬೆರೆತ ವೈರಸ್ ಚೀನಾದಲ್ಲಿ, ಆಮೇಲೆ ವಿಯೆಟ್ನಾಮಿನಲ್ಲೂ. ಜೀನೋಟೈಪ್ 2ರಿಂದ ಮಾಡಿದ ಒಂದು ಪ್ರಾಯೋಗಿಕ ಜೀವಂತ ಲಸಿಕೆ ಈ ಬೆರಕೆಯ ಎದುರು ಕಾಪಾಡಲಿಲ್ಲ.

ಘಟ್ಟದ ಗಾಳಿಯವರೇ, ನಿಮ್ಮ ‘ವೈರಸ್ ಬದಲಾದ್ರೆ ಲಸಿಕೆ ಬದಲಾಗ್ಬೇಕು’ ಮಾತು ಇಲ್ಲಿಗೆ ಸರಿಹೊಂದ್ತದೆ. ವೈರಸ್ ತಪ್ಪಿತು ಅಷ್ಟೇ.

ಘಟ್ಟದ ಗಾಳಿ
ಅಡ್ಡಿಲ್ಲ, ಅರ್ಧ ಮಾರ್ಕ್ಸ್ ಆದ್ರೂ ಸಿಕ್ತು.

ಬಿಳಿ ಕೋಟು
ಆ ಬೆರಕೆ ಪಿ72ನಲ್ಲಿ ನೋಡಿದ್ರೆ ಜೀನೋಟೈಪ್ ಒಂದು ಅಂತಲೇ ಓದಿಸ್ತದೆ. ಒಂದೇ ಜೀನ್ ನಂಬಿ ಕೂತರೆ ಬೆರಕೆ ಗೊತ್ತೇ ಆಗೋದಿಲ್ಲ, ಕನಿಷ್ಠ ಎರಡು ದೂರದ ಜೀನ್ ನೋಡ್ಬೇಕು.

ಹಳಿಯಾಳ ಪ್ಯಾಟಿ
ಹಂದಿ ನೋಡಿ ಯಾವ ಜ್ವರ ಅಂತ ಹೇಳಾಕ ಬರೂದಿಲ್ಲೇನ್ರಿ? ಆಫ್ರಿಕಾದ್ದು ಅಂದ್ರ ಗುಲ್ಮ ಕರ್ರಗ ದೊಡ್ಡದಾಗತೈತಿ ಅಂತಾರಲ್ಲ.

ಬಿಳಿ ಕೋಟು
ಹೊರಗಿನಿಂದ ಎರಡೂ ಒಂದೇ: 41 ಡಿಗ್ರಿ ಜ್ವರ, ಒಂದರ ಮೇಲೊಂದು ಮಲಗೋದು, ಕಿವಿ ಹೊಟ್ಟೆ ನೇರಳೆ. ಒಳಗೆ ವ್ಯತ್ಯಾಸ ಇದೆ. ಆಫ್ರಿಕನ್ ಆದ್ರೆ ಗುಲ್ಮ ಹಲವು ಪಟ್ಟು ಊದಿ ಕಪ್ಪಾಗಿ ಕೈಯಲ್ಲೇ ಪುಡಿಯಾಗ್ತದೆ. ಕ್ಲಾಸಿಕಲ್ ಆದ್ರೆ ಗುಲ್ಮದ ಅಂಚಲ್ಲಿ ಕಪ್ಪು ಕಲೆ, ಮೂತ್ರಪಿಂಡದ ಮೇಲೆ ಸೂಜಿ ಚುಚ್ಚಿದ ಹಾಗೆ ರಕ್ತದ ಚುಕ್ಕೆ, ದೊಡ್ಡ ಕರುಳು ಶುರುವಾಗೋ ಕಡೆ ಗುಂಡಿಯಂಥ ಹುಣ್ಣು.

ಆದ್ರೆ ನೀವು ಕೊಯ್ದು ನೋಡ್ಬೇಡಿ ಅಂತ ಕೈ ಮುಗಿದು ಹೇಳ್ತೇನೆ. ಆಫ್ರಿಕನ್ ಜ್ವರದ ಹಂದಿಯ ರಕ್ತ ಶೆಡ್ಡಿನಲ್ಲಿ ಚೆಲ್ಲಿದ್ರೆ ಮುಗೀತು. ತಂಪಲ್ಲಿಟ್ಟ ರಕ್ತದಲ್ಲಿ ಆ ವೈರಸ್ ಒಂದೂವರೆ ವರ್ಷ ಬದುಕಿದ ದಾಖಲೆ ಇದೆ. ತಾಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ, ಅವರು ಬರ್ಲಿ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯಿದೆ ಪ್ರಕಾರ ತಿಳಿಸೋದು ನಿಮ್ಮ ಕರ್ತವ್ಯ ಕೂಡ. ಆಫ್ರಿಕನ್ ಖಚಿತ ಆದ್ರೆ ಸುತ್ತ 1 ಕಿಲೋಮೀಟರಿನ ಹಂದಿಗಳನ್ನು ಕೊಲ್ತಾರೆ, 10 ಕಿಲೋಮೀಟರ್ ನಿಗಾ. ಪರಿಹಾರಕ್ಕೆ ಅರ್ಜಿ ಹಾಕ್ಬೇಕಾದ್ರೂ ಮೊದಲು ತಿಳಿಸಿರ್ಬೇಕು.

ಕಾಳಿ ಸೇತುವೆ
ಮಾದರಿ ಕಳಿಸೋ ಕ್ರಮ ಸ್ವಲ್ಪ ಹೇಳಿ. ಕಾರವಾರದಿಂದ ಬೆಂಗಳೂರಿಗೆ ಒಂದು ರಾತ್ರಿಯ ದಾರಿ, ಅಲ್ಲಿಗೆ ಹೋಗೋದರೊಳಗೆ ಕೊಳೆತಿರ್ತದೆ ಅಂತ ಹೇಳೋರಿದ್ದಾರೆ.

ಜೆಲ್ ಓದುಗ
ಜ್ವರ ಇರೋ ಜೀವಂತ ಹಂದಿಯ ರಕ್ತವೇ ಎಲ್ಲಕ್ಕಿಂತ ಒಳ್ಳೇದು. ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಇಡಿಟಿಎ ಟ್ಯೂಬಲ್ಲಿ 3ರಿಂದ 5 ಎಂಎಲ್, ಐದಾರು ಸಲ ಮೆಲ್ಲಗೆ ತಿರುವಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಬೇಡ, ಹೆಪಾರಿನ್ ಪಿಸಿಆರ್‌ಗೆ ಅಡ್ಡ ಬರ್ತದೆ. ಸತ್ತ ಹಂದಿ ಆದ್ರೆ ವೈದ್ಯರು ಟಾನ್ಸಿಲ್, ಗುಲ್ಮ, ದುಗ್ಧಗ್ರಂಥಿ, ಮೂತ್ರಪಿಂಡ, ಸಣ್ಣ ಕರುಳಿನ ಕೊನೆ ಭಾಗ ತೆಗೀತಾರೆ. ಕ್ಲಾಸಿಕಲ್ ಹಂದಿ ಜ್ವರಕ್ಕೆ ಟಾನ್ಸಿಲ್ ಬಿಡಲೇಬಾರದು, ವೈರಸ್ ಮೊದಲು ಕೂರೋದು ಅಲ್ಲೇ. ಫಾರ್ಮಲಿನ್‌ನಲ್ಲಿ ಹಾಕಿದ್ರೆ ಜೀನ್ ಓದೋಕೆ ಆಗೋದಿಲ್ಲ.

ಮೂರು ಹೊದಿಕೆ: ಸೋರದ ಡಬ್ಬಿ, ಅದರ ಸುತ್ತ ಹತ್ತಿ, ಇನ್ನೊಂದು ಡಬ್ಬಿ, ಆಮೇಲೆ ಐಸ್ ಪ್ಯಾಕ್ ಇರೋ ಥರ್ಮೊಕೋಲ್ ಪೆಟ್ಟಿಗೆ. ಬಿಡಿ ಐಸ್ ತುಂಬಿದ್ರೆ ಅದು ಕರಗಿ ಲೇಬಲ್ ಅಳಿಸ್ತದೆ, ಪೆನ್ಸಿಲಲ್ಲಿ ಬರೀರಿ. ಕ್ಲಾಸಿಕಲ್ ಹಂದಿ ಜ್ವರ ಆರ್‌ಎನ್‌ಎ, ಬಿಸಿಯಲ್ಲಿ ಬೇಗ ಚೂರಾಗ್ತದೆ. ಚೂರಾದ ಮಾದರಿ 5′ ತುದಿಯ ಸಣ್ಣ ಪಿಸಿಆರ್‌ನಲ್ಲಿ ಪಾಸಿಟಿವ್ ಬರ್ತದೆ, ಇ2ನ 1,119 ಅಕ್ಷರ ಓದೋಕೆ ಹೋದ್ರೆ ಕೈಕೊಡ್ತದೆ. ‘ಪಾಸಿಟಿವ್ ಅಂದ್ರಿ, ಗುಂಪು ಯಾಕೆ ಹೇಳ್ಲಿಲ್ಲ’ ಅಂತ ಲ್ಯಾಬಿನವರ ಜೊತೆ ಜಗಳ ಆಡೋರಿಗೆ ಇದೇ ಉತ್ತರ. ಮೊದಲ ಪರೀಕ್ಷೆ ಬೆಂಗಳೂರಿನ ಹೆಬ್ಬಾಳದ ಪಶು ರೋಗ ಲ್ಯಾಬಿನಲ್ಲಿ ಆಗ್ತದೆ, ಆಫ್ರಿಕನ್ ಖಚಿತ ಮಾಡೋದು ಭೋಪಾಲದ ಹೈ ಸೆಕ್ಯುರಿಟಿ ಲ್ಯಾಬು. ಅಲ್ಲಿಗೆ ಇಲಾಖೆಯವರೇ ಕಳಿಸ್ಬೇಕು, ಖಾಸಗಿಯಾಗಿ ಕೊರಿಯರ್ ಮಾಡೋ ಹಾಗಿಲ್ಲ.

ಚೀಟಿಯಲ್ಲಿ ಲಸಿಕೆ ಹಾಕಿದ ತಾರೀಕು ಬರೆಯೋದು ಮರೀಬೇಡಿ. ಜೀವಂತ ಲಸಿಕೆ ಹಾಕಿ ಕೆಲವು ವಾರದವರೆಗೂ ಟಾನ್ಸಿಲಲ್ಲಿ ಲಸಿಕೆಯ ವೈರಸ್ಸೇ ಪಿಸಿಆರ್‌ಗೆ ಸಿಗಬಹುದು. ಮೊಲಕ್ಕೆ ಒಗ್ಗಿಸಿದ ಚೈನಾ ಸ್ಟ್ರೇನ್ ಬಾಲದಲ್ಲಿ ಹನ್ನೆರಡು ಅಕ್ಷರದ ಒಂದು ಹೆಚ್ಚುವರಿ ತುಂಡಿದೆ, ಅದನ್ನು ನೋಡಿ ಬೇರ್ಪಡಿಸ್ಬಹುದು, ಇಲ್ಲವೇ ಇ2 ಓದಿ. ಹಾಗೆ ನೋಡಿದ್ರೆ ಆ ಫೋಟೊದಲ್ಲಿ 2.2 ಬಂದಿದ್ದು ಒಂದು ಉಪಕಾರ: 1.1 ಲಸಿಕೆಯ ಉಳಿಕೆ ಅಲ್ಲ, ಹೊರಗಿನ ವೈರಸ್ಸೇ ಅಂತ ಖಚಿತ ಆಯ್ತು.

ಘಟ್ಟದ ಗಾಳಿ
ಐವಿಆರ್‌ಐನವರು (ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ) ನಮ್ಮ ದೇಶದ ತಳಿಯಿಂದಲೇ ಲಸಿಕೆ ಮಾಡಿದ್ದಾರೆ ಅಂತಾರಲ್ಲ?

ಬಿಳಿ ಕೋಟು
ಹೌದು, 2020ರ ಫೆಬ್ರವರಿಯಲ್ಲಿ ಬಿಡುಗಡೆ. ಅದು ಜೀವಕೋಶದಲ್ಲಿ ಬೆಳೆಸೋದು. ಹಳೇದಕ್ಕೆ ಮೊಲ ಕೊಂದು ಗುಲ್ಮ ತೆಗೀಬೇಕು, ಒಂದು ಮೊಲದಿಂದ ಬರೀ 50 ಡೋಸ್. ಅದರ ದೊಡ್ಡ ಲಾಭ ತಳಿ ಹೊಂದಾಣಿಕೆ ಅಲ್ಲ, ಬೇಕಾದಷ್ಟು ಮಾಡ್ಬಹುದು, ಬೆಲೆ ಕಮ್ಮಿ. ಇದನ್ನೂ ಯಾರಾದ್ರೂ ಕೆಂಪಕ್ಷರದಲ್ಲಿ ತಿರುಚೋ ಮುಂಚೆ ಹೇಳಿಬಿಟ್ಟೆ. ಸಿಕ್ಕಿದ್ದನ್ನು ತಂಪಾಗಿ ತಂದು ಸಮಯಕ್ಕೆ ಹಾಕಿ.

ತೋಟದ ಬದಿ
ಹಂದಿ ಗೂಡಿನ ಪಕ್ಕವೇ ಕೊಟ್ಟಿಗೆ ಇದ್ರೆ ತೊಂದರೆಯಾ? ದನಕ್ಕೆ ಬರೋದಿಲ್ಲ ತಾನೆ?

ಅಣಶಿ ತಿರುವು
ದನಕ್ಕೆ ಬರೋದಿಲ್ಲ. ಉಲ್ಟಾ ಗೊಂದಲ ಆಗ್ತದೆ. ದನಕ್ಕೆ ಭೇದಿ ತರೋ ಬಿವಿಡಿ ವೈರಸ್ಸೂ ಕ್ಲಾಸಿಕಲ್ ಹಂದಿ ಜ್ವರದ್ದೇ ಪೆಸ್ಟಿವೈರಸ್ ಕುಲ, ಹಂದಿಗೂ ತಗಲ್ತದೆ, ಹೆಚ್ಚಾಗಿ ರೋಗ ಮಾಡೋದಿಲ್ಲ. ಆ್ಯಂಟಿಬಾಡಿ ಎಲೈಸಾದಲ್ಲಿ ಹಂದಿ ಜ್ವರ ಅಂತ ಸುಳ್ಳು ಪಾಸಿಟಿವ್ ಕೊಡಬಹುದು. ಕೊಟ್ಟಿಗೆ ಪಕ್ಕದಲ್ಲಿದೆ ಅಂತ ಚೀಟಿಯಲ್ಲಿ ಬರೆದ್ರೆ ಲ್ಯಾಬಿನವರು ನ್ಯೂಟ್ರಲೈಸೇಶನ್ ಪರೀಕ್ಷೆ (ಸೀರಮ್ ಯಾವ ವೈರಸ್ಸನ್ನು ತಟಸ್ಥ ಮಾಡ್ತದೆ ಅಂತ ನೋಡೋದು) ಮಾಡಿ ಬೇರೆ ಮಾಡ್ತಾರೆ.

ಕಾಳಿ ಸೇತುವೆ
ಮುಸುರೆ ವಿಷಯ ಬಿಟ್ಟೇ ಹೋಯ್ತು. ಕಾರವಾರದಲ್ಲಿ ಹೋಟೆಲ್ ಮುಸುರೆ ಇಲ್ಲದೆ ಹಂದಿ ಸಾಕೋರು ಎಷ್ಟು ಜನ ಇದ್ದಾರೆ? ಅದರಲ್ಲಿ ಗೋವಾದ ಚೊರಿಸ್ (ಹಂದಿಮಾಂಸದ ಸಾಸೇಜ್) ತುಂಡೂ ಇರ್ತದೆ.

ಅಣಶಿ ತಿರುವು
ಚೊರಿಸ್ ಹೊಗೆ ಹಾಕಿದ್ದು, ವಿನೆಗರ್ ಇದೆ, ಹಾಗಾಗಿ ಸುರಕ್ಷಿತ ಅನ್ನೋ ನಂಬಿಕೆ ಬಿಡಿ. ಆಫ್ರಿಕನ್ ವೈರಸ್ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕ್ತದೆ. ಪಿಎಚ್ 3.9ಕ್ಕಿಂತ ಕೆಳಗೆ ಇಳಿದ್ರೆ ಮಾತ್ರ ಹುಳಿಗೆ ಸಾಯ್ತದೆ, ಚೊರಿಸ್‌ನ ಒಳಗೆ ಅಷ್ಟು ಹುಳಿ ಇದೆ ಅಂತ ನಂಬಿ ಕೂರೋ ಹಾಗಿಲ್ಲ.

ಮುಸುರೆ ಕುದಿಸೋ ನಿಯಮ: ಕನಿಷ್ಠ 90 ಡಿಗ್ರಿಯಲ್ಲಿ 60 ನಿಮಿಷ, ಸತತ ತಿರುವುತ್ತಾ. 200 ಲೀಟರಿನ ಡ್ರಮ್ಮಿಗೆ 150ಕ್ಕಿಂತ ಹೆಚ್ಚು ತುಂಬ್ಬೇಡಿ, ತಿರುವೋಕೆ ಜಾಗ ಬೇಕು. ಗಂಟೆ ಎಣಿಸೋದು ಬೆಂಕಿ ಹಚ್ಚಿದಾಗಿಂದ ಅಲ್ಲ, ನಡುವಿನ ಗಂಜಿ 90 ಮುಟ್ಟಿದಾಗಿಂದ. ಬದಿಯಲ್ಲಿ ಗುಳ್ಳೆ ಬಂದ್ರೂ ನಡುವೆ ಅನ್ನದ ಗಟ್ಟಿ ಮುದ್ದೆ ಉಗುರುಬೆಚ್ಚಗೆ ಇರ್ತದೆ, ನೀರು ಸೇರಿಸಿ ತೆಳು ಮಾಡ್ಕೊಳ್ಳಿ. ಮೂಳೆ, ಮಾಂಸದ ದೊಡ್ಡ ತುಂಡು ಆರಿಸಿ ಹೂತುಬಿಡಿ. ಹಸಿ ಮುಸುರೆಯ ಬಕೆಟಿಗೇ ಬೆಂದಿದ್ದನ್ನು ಸುರೀತಾರೆ, ಅಲ್ಲಿಗೆ ಕಟ್ಟಿಗೆಯೂ ದಂಡ. ಬಕೆಟ್ ಎರಡು ಬಣ್ಣದ್ದು ಇಡಿ.

ಹಳಿಯಾಳ ಪ್ಯಾಟಿ
ತೊಳಿಯಾಕ ಬ್ಲೀಚಿಂಗ್ ಪೌಡರ್ ಸಾಕೇನ್ರಿ?

ಬಿಳಿ ಕೋಟು
ಹಳಿಯಾಳದಲ್ಲಿ ನಡೀಬಹುದು, ಕಾರವಾರದಲ್ಲಿ ಬಾಯಿ ತೆರೆದಿಟ್ಟ ಚೀಲದ್ದು ನಂಬ್ಬೇಡಿ. ಹೊಸ ಪುಡಿಯಲ್ಲಿ 30 ಶೇಕಡಾ ಆಸುಪಾಸು ಕ್ಲೋರಿನ್ ಇರ್ತದೆ, ಕರಾವಳಿಯ ತೇವಕ್ಕೆ ಹಾರಿಹೋಗಿ ಉಳಿಯೋದು ಸುಣ್ಣ. ಕಾಸ್ಟಿಕ್ ಸೋಡಾ ವಾಸಿ. 10 ಲೀಟರ್ ನೀರಿಗೆ 200 ಗ್ರಾಂ, ಅಂದ್ರೆ 2 ಶೇಕಡಾ, ಅರ್ಧ ಗಂಟೆ ಬಿಟ್ಟು ತೊಳೀರಿ. ಸೋಡಾನ ನೀರಿಗೆ ಹಾಕಿ, ನೀರನ್ನ ಸೋಡಾಕ್ಕೆ ಸುರೀಬೇಡಿ, ಸಿಡೀತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಪಾತ್ರೆ ತೂತು ಬೀಳ್ತದೆ. ಎಲ್ಲಕ್ಕೂ ಮೊದಲು ಸಗಣಿ ಕೆರೆದು ನೀರಲ್ಲಿ ತೊಳೆದಿರ್ಬೇಕು, ಸಗಣಿ ಮೇಲೆ ಯಾವ ಔಷಧ ಸುರಿದ್ರೂ ಸಗಣಿಗೇ ಖರ್ಚು.

ಕಾಳಿ ಸೇತುವೆ
ಸರಿ. ಬಿಳಿ ಕೋಟಿನವರ 45–60 ದಿನದ ಲೆಕ್ಕ, ದ್ರಾವಣದ ಮಾತು, ಜೆಲ್ ಓದುಗರ ಚಪ್ಪಲಿ ಉದಾಹರಣೆ ಇಷ್ಟನ್ನು ಗುಂಪಿಗೆ ಹಾಕ್ತೇನೆ. ಕೆಂಪಕ್ಷರದವರ ಕೈಲಿ ಉತ್ತರ ಬಂದ್ರೆ ಇಲ್ಲೇ ತಂದು ಅಂಟಿಸ್ತೇನೆ.

ಜೆಲ್ ಓದುಗ
ಚಪ್ಪಲಿ ಬಿಡಿ ಮಾರಾಯ್ರೆ, ಹಾಕೋದಾದ್ರೆ ಇಡಿಟಿಎ ಟ್ಯೂಬಿನ ಸಾಲು ಹಾಕಿ. ಹಸಿರು ಮುಚ್ಚಳದ್ದು ಕಳಿಸೋದು ಒಂದು ನಿಂತ್ರೆ ಸಾಕು.

ಹಳಿಯಾಳ ಪ್ಯಾಟಿ
ನೇರಳಿ ಮುಚ್ಚಳ ನಮ್ಮ ಕಡೆ ಮೆಡಿಕಲ್‌ನ್ಯಾಗ ಬಿಡಿ ಸಿಗ್ತಾವೋ, ಇಡೀ ಪೆಟಗಿನ ತಗೋಬೇಕೋ?